ರೈತನ ಮನೆಗೆ ವಿಮೆ: ಪಾಲಿಸಿಯೊಳಗೆ ಬರುವುದೇನು, ಬಾರದುದೇನು?

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳ ರೈತ ಬಾಂಧವರಿಗೆ ವಿಮೆ ಎಂದೊಡನೆ ನೆನಪಾಗುವುದು ಬೆಳೆ ವಿಮೆ. 2016ರ ಮುಂಗಾರಿನಲ್ಲಿ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆ ಜಾರಿಗೆ ಬಂದ ಮೇಲೆ ಮೆಕ್ಕೆಜೋಳಕ್ಕೂ ಶೇಂಗಾಕ್ಕೂ ಕಂತು ಕಟ್ಟುವುದು ಈ ಭಾಗದಲ್ಲಿ ರೂಢಿಯಾಗಿದೆ. ಆದರೆ ಆ ಬೆಳೆಯನ್ನು ತಂದು ತುಂಬುವ ಮನೆಗೆ ವಿಮೆ ಇದೆಯೇ ಎಂದು ಕೇಳಿದರೆ ಬಹುಮಂದಿ ಇಲ್ಲವೆನ್ನುತ್ತಾರೆ. ಇದೆ ಎನ್ನುವವರಲ್ಲಿಯೂ ಪಾಲಿಸಿಯ ಹಾಳೆಯನ್ನು ಬಿಚ್ಚಿ ಓದಿದವರು ವಿರಳ.

ನಾನು ಬೇಸಾಯಶಾಸ್ತ್ರದವನು. ಬಿತ್ತನೆಯ ಅಂತರ, ಗೊಬ್ಬರದ ಪ್ರಮಾಣ ಹೇಳಬೇಕಾದವನು ಮನೆಯ ವಿಮೆಯ ಬಗ್ಗೆ ಬರೆಯುವುದೇಕೆಂದು ತಾವು ಕೇಳಬಹುದು. ಕೆಲವು ವರ್ಷಗಳ ಹಿಂದೆ ಕೊಟ್ಟೂರಿನ ಆಚೆಯ ಒಂದು ಹಳ್ಳಿಗೆ ಶೇಂಗಾ ಪ್ರಾತ್ಯಕ್ಷಿಕೆಯ ಇಳುವರಿ ಅಳೆಯಲು ಹೋಗಿದ್ದೆ. ಪ್ರಾತ್ಯಕ್ಷಿಕೆ ಕೈಗೊಂಡಿದ್ದ ರೈತರ ಮನೆ ಅದಕ್ಕೆ ಎಂಟು ದಿನ ಮೊದಲು ಸುಟ್ಟುಹೋಗಿತ್ತು. ಹಿತ್ತಲಿನ ಸೊಪ್ಪೆಯ ಬಣವೆಗೆ ತಗುಲಿದ ಬೆಂಕಿ ಗಾಳಿಗೆ ಮನೆಗೆ ಹಾರಿತ್ತು. ಮನೆಗೆ ವಿಮೆ ಇತ್ತು. ಸಾಲ ಕೊಟ್ಟ ಬ್ಯಾಂಕಿನವರೇ ಮಾಡಿಸಿದ್ದರು. ಗೋಡೆ, ಛಾವಣಿ, ಬಾಗಿಲುಗಳಿಗೆ ಹಣ ಬಂದಿತು. ಪಡಸಾಲೆಯಲ್ಲಿ ಒಟ್ಟಿದ್ದ ಶೇಂಗಾ ಚೀಲಗಳಿಗೆ, ಮುಂದಿನ ವರ್ಷಕ್ಕೆಂದು ತೆಗೆದಿರಿಸಿದ್ದ ಬೀಜಕ್ಕೆ, ಸತ್ತ ಒಂದು ಎತ್ತಿಗೆ, ಬಣವೆಗೆ ಬಿಡಿಗಾಸೂ ಬರಲಿಲ್ಲ. "ಮನಿ ಅಂದ್ರೆ ಮನ್ಯಾಗ ಇದ್ದದ್ದೆಲ್ಲ ಬಂತಲ್ರೀ ಸಾರ್?" ಎಂದು ಆ ಹಿರಿಯರು ನನ್ನನ್ನು ಕೇಳಿದರು. ನನ್ನಲ್ಲಿ ಆಗ ಉತ್ತರವಿರಲಿಲ್ಲ. ಆ ಬಳಿಕ ನಾನೂ ಪಾಲಿಸಿಗಳನ್ನು ಓದಲು ತೊಡಗಿದೆ.

ನಗರದ ನೌಕರನಿಗೆ ಮನೆಯೆಂದರೆ ವಾಸದ ಸ್ಥಳ. ರೈತನಿಗೆ ಅದೇ ವಾಸದ ಮನೆ, ಅದೇ ಉಗ್ರಾಣ, ಅದೇ ಕೊಟ್ಟಿಗೆ, ಅದೇ ಸಲಕರಣೆಯ ಕೋಣೆ. ಒಂದೇ ಸೂರಿನಡಿ ಇರುವ ಇವೆಲ್ಲವನ್ನೂ ವಿಮೆಯವರು ಬೇರೆ ಬೇರೆ ಗಂಟಾಗಿ ಕಟ್ಟುತ್ತಾರೆ. ಯಾವ ಗಂಟಿಗೆ ಕಂತು ಕಟ್ಟಿದ್ದೀರೋ ಆ ಗಂಟಿಗೆ ಮಾತ್ರ ಪರಿಹಾರ. ಈ ಒಂದು ಸಂಗತಿ ಮನದಟ್ಟಾದರೆ ಉಳಿದುದು ಸುಲಭ.

ಸರ್ಕಾರದ ಪರಿಹಾರವೇ ಸಾಲದೆ?

ಮನೆ ಬಿದ್ದರೆ ತಹಸೀಲ್ದಾರರ ಕಚೇರಿಯಿಂದ ಪರಿಹಾರ ಬರುತ್ತದೆ, ವಿಮೆ ಏಕೆ ಎಂಬ ಮಾತು ಹಳ್ಳಿಗಳಲ್ಲಿ ಕೇಳಿಬರುತ್ತದೆ. 2022ರಿಂದ 2026ರ ವರೆಗಿನ ಅವಧಿಗೆ ಕೇಂದ್ರ ಸರ್ಕಾರ ನಿಗದಿಪಡಿಸಿದ ವಿಪತ್ತು ಪರಿಹಾರ ದರಗಳನ್ನು ನೋಡಿ: ಬಯಲು ಪ್ರದೇಶದಲ್ಲಿ ಪೂರ್ತಿ ಹಾಳಾದ ಮನೆಗೆ 1,20,000 ರೂಪಾಯಿ, ಭಾಗಶಃ ಹಾಳಾದ ಪಕ್ಕಾ ಮನೆಗೆ 6,500, ಕಚ್ಚಾ ಮನೆಗೆ 4,000, ಗುಡಿಸಲಿಗೆ 8,000, ಮನೆಗೆ ಸೇರಿದ ದನದ ಕೊಟ್ಟಿಗೆಗೆ 3,000. ರಾಜ್ಯ ಸರ್ಕಾರ ಕೆಲವೊಮ್ಮೆ ಇದಕ್ಕೆ ತನ್ನ ಪಾಲು ಸೇರಿಸುವುದುಂಟು. 2019ರ ಆಗಸ್ಟ್ ನೆರೆಯ ನಂತರ ಪೂರ್ತಿ ನಾಶವಾದ ಮನೆಗಳಿಗೆ 5 ಲಕ್ಷ ರೂಪಾಯಿ ಘೋಷಿಸಿದ್ದು ಹಲವರಿಗೆ ನೆನಪಿರಬಹುದು. ಆದರೆ ಅದು ಆ ವರ್ಷದ, ಆ ನೆರೆಯ ತೀರ್ಮಾನ. ಒಂದು ಗೋಡೆ ಕುಸಿದರೆ 6,500 ರೂಪಾಯಿಯಲ್ಲಿ ಗಾರೆಯವನ ಕೂಲಿಯೂ ತೀರದು. ಪರಿಹಾರ ಸರ್ಕಾರ ಕೊಡುವ ಆಸರೆ. ವಿಮೆ ಕರಾರಿನ ಮೇಲೆ ತಾವು ಕೇಳಿ ಪಡೆಯುವ ಹಕ್ಕು.

ಒಂದು ಹಳೆಯ ಯೋಜನೆಯನ್ನು ಇಲ್ಲಿ ನೆನೆಯಬಹುದು. 1988ರಲ್ಲಿ ಕೇಂದ್ರ ಸರ್ಕಾರ ಬಡ ಕುಟುಂಬಗಳ ಗುಡಿಸಲುಗಳಿಗೆ ಬೆಂಕಿ ವಿಮೆಯನ್ನು ತಂದಿತ್ತು. ಸುಟ್ಟ ಗುಡಿಸಲಿಗೆ 1,000 ರೂಪಾಯಿ, ಒಳಗಿನ ಸಾಮಾನಿಗೆ 500 ರೂಪಾಯಿ. ಆ ಯೋಜನೆ ಈಗಿಲ್ಲ. ಆದರೆ ಅಷ್ಟು ಸಣ್ಣ ವಿಮೆಯಲ್ಲಿಯೂ ಗುಡಿಸಲು ಬೇರೆ, ಸಾಮಾನು ಬೇರೆ ಎಂದು ಎರಡು ಬಾಬ್ತು ಮಾಡಿದ್ದುದನ್ನು ಗಮನಿಸಿ.

ಭಾರತ್ ಗೃಹ ರಕ್ಷಾ

ಹಿಂದೆ ಒಂದೊಂದು ಕಂಪನಿಯ ಗೃಹ ವಿಮೆ ಒಂದೊಂದು ಬಗೆಯಾಗಿತ್ತು. ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರವು 2021ರ ಏಪ್ರಿಲ್ 1ರಿಂದ 'ಭಾರತ್ ಗೃಹ ರಕ್ಷಾ' ಎಂಬ ಹೆಸರಿನ ಒಂದೇ ಮಾದರಿಯ ಪಾಲಿಸಿಯನ್ನು ಜಾರಿಗೆ ತಂದಿತು. ಯಾವ ಕಂಪನಿಯಿಂದ ಕೊಂಡರೂ ಇದರ ಮೂಲ ಕರಾರು ಒಂದೇ. ಕಂತಿನ ದರ ಮಾತ್ರ ಬೇರೆ ಇರಬಹುದು. ಕಂಪನಿಗಳ ಬೇರೆ ಗೃಹ ಪಾಲಿಸಿಗಳೂ ಇವೆ. ಮುಂದೆ ನಾನು ವಿವರಿಸುವುದು ಮುಖ್ಯವಾಗಿ ಈ ಮಾದರಿ ಪಾಲಿಸಿಯನ್ನು. ಇದನ್ನು ಒಂದು ವರ್ಷಕ್ಕೂ ಮಾಡಿಸಬಹುದು, ಹೆಚ್ಚೆಂದರೆ ಹತ್ತು ವರ್ಷಗಳ ವರೆಗೆ ಒಟ್ಟಿಗೂ ಮಾಡಿಸಬಹುದು.

ಮೊದಲನೆಯದು, ಕಟ್ಟಡ. ಗೋಡೆ, ಛಾವಣಿ, ನೆಲ, ಬಾಗಿಲು, ಕಿಟಕಿ, ಗೋಡೆಗೂ ಛಾವಣಿಗೂ ಕಾಯಂ ಆಗಿ ಜೋಡಿಸಿದ ವಸ್ತುಗಳು ಇದರಲ್ಲಿ ಸೇರುತ್ತವೆ. ಇಷ್ಟೇ ಅಲ್ಲ, ಕಾಂಪೌಂಡ್ ಗೋಡೆ, ಗೇಟು, ಬೇಲಿ, ಮುಂದಿನ ಜಗುಲಿ, ಶೌಚಗುಂಡಿ, ಕಾಯಂ ನೀರಿನ ತೊಟ್ಟಿ, ಸೌರ ಫಲಕ ಮತ್ತು ಗೋಬರ್ ಗ್ಯಾಸ್ ಸ್ಥಾವರ ಕೂಡ ಕಟ್ಟಡದ ಲೆಕ್ಕಕ್ಕೇ ಬರುತ್ತವೆ. ಗೋಬರ್ ಗ್ಯಾಸ್ ಕಟ್ಟಿಸಿಕೊಂಡಿರುವ ರೈತರು ಇದನ್ನು ಗುರುತಿಟ್ಟುಕೊಳ್ಳಬೇಕು. ಅದರ ವೆಚ್ಚವನ್ನು ವಿಮಾ ಮೊತ್ತದಲ್ಲಿ ಸೇರಿಸಲು ಮರೆಯುವವರೇ ಹೆಚ್ಚು.

ಹೊರಮನೆಗಳ ವಿಷಯದಲ್ಲಿ ಎಚ್ಚರ ಬೇಕು. ಪಾಲಿಸಿ ಹೇಳುವುದು ವಾಸಕ್ಕೆ ಸಂಬಂಧಿಸಿದ ಹೊರಮನೆಯನ್ನು. ದನದ ಕೊಟ್ಟಿಗೆ ವಾಸದ ಕಟ್ಟಡವಲ್ಲವೆಂದು ವಾದ ಹೂಡಲು ಅವಕಾಶವಿದೆ. ನಮ್ಮ ಭಾಗದ ಹಳೆಯ ಮನೆಗಳಲ್ಲಿ ಬಾಗಿಲು ದಾಟಿದೊಡನೆ ದನ ಕಟ್ಟುವ ಅಂಕಣ, ಅದರಾಚೆ ಒಂದು ಮೆಟ್ಟಿಲು ಎತ್ತರದಲ್ಲಿ ಪಡಸಾಲೆ, ಅಡಿಗೆ ಮನೆ. ಇಂಥ ಮನೆಯನ್ನು ನಗರದಲ್ಲಿ ಕುಳಿತ ಅಧಿಕಾರಿ ಕಂಡಿರುವುದಿಲ್ಲ. ಆದುದರಿಂದ ಪ್ರಸ್ತಾವನಾ ಪತ್ರದಲ್ಲಿಯೇ "ಇದೇ ಮನೆಯೊಳಗೆ ದನ ಕಟ್ಟುತ್ತೇವೆ, ಹಿತ್ತಲಿನಲ್ಲಿ ಇಷ್ಟು ಅಡಿ ಉದ್ದಗಲದ ಕೊಟ್ಟಿಗೆ ಇದೆ" ಎಂದು ಬರೆಯಿಸಿರಿ. ಬರೆದದ್ದನ್ನು ಒಪ್ಪಿ ಪಾಲಿಸಿ ಕೊಟ್ಟ ಮೇಲೆ ಕಂಪನಿ ಅದನ್ನು ತಿಳಿದಿರಲಿಲ್ಲವೆನ್ನುವಂತಿಲ್ಲ.

ಹುಲ್ಲು, ಸೋಗೆ, ಬಿದಿರು, ಮರದ ಹಲಗೆ, ಪ್ಲಾಸ್ಟಿಕ್, ತಾಡಪಾಲುಗಳ ಗೋಡೆ ಅಥವಾ ಛಾವಣಿಯುಳ್ಳ ಮನೆಯನ್ನು ಪಾಲಿಸಿಯಲ್ಲಿ ಕಚ್ಚಾ ಕಟ್ಟಡವೆಂದು ಪ್ರತ್ಯೇಕಿಸಲಾಗಿದೆ. ಕಲ್ಲುಮಣ್ಣಿನ ಮಾಳಿಗೆ ಮನೆ ಆ ಪಟ್ಟಿಯಲ್ಲಿ ಇಲ್ಲ. ಆದರೂ ಗೋಡೆ ಯಾವುದರದು, ಛಾವಣಿ ಆರ್‌ಸಿಸಿಯೋ ತಗಡೋ ಮೇಲುಮುದ್ದೆಯೋ ಎಂಬುದನ್ನು ಇದ್ದದ್ದು ಇದ್ದಂತೆ ತಿಳಿಸತಕ್ಕದ್ದು. ಕಂತು ನಾಲ್ಕು ಕಾಸು ಉಳಿಯುವುದೆಂದು ಏಜೆಂಟರು ಮಾಳಿಗೆಯನ್ನು ಆರ್‌ಸಿಸಿ ಎಂದು ಬರೆದರೆ ಅದರ ಫಲವನ್ನು ಉಣ್ಣುವವರು ತಾವು.

ಎರಡನೆಯದು, ಮನೆಬಳಕೆಯ ಸಾಮಾನು. ಮಂಚ, ಬೀರು, ಪಾತ್ರೆ, ಬಟ್ಟೆ, ಟಿ.ವಿ., ಫ್ರಿಜ್, ಮಿಕ್ಸಿ, ಒಲೆ ಮುಂತಾದವು. ಭಾರತ್ ಗೃಹ ರಕ್ಷಾದಲ್ಲಿ ಕಟ್ಟಡಕ್ಕೆ ವಿಮೆ ಮಾಡಿಸಿದರೆ ಅದರ ಮೊತ್ತದ ಶೇಕಡ 20ರಷ್ಟು, ಗರಿಷ್ಠ 10 ಲಕ್ಷ ರೂಪಾಯಿವರೆಗೆ, ಸಾಮಾನಿಗೆ ತಾನಾಗಿ ವಿಮೆ ದೊರೆಯುತ್ತದೆ. ಅದಕ್ಕಿಂತ ಹೆಚ್ಚು ಬೇಕಾದರೆ ಪಟ್ಟಿ ಕೊಟ್ಟು ಹೆಚ್ಚಿನ ಕಂತು ಕಟ್ಟಬೇಕು. ಬ್ಯಾಂಕಿನ ಸಾಲಕ್ಕೆಂದು ಮಾಡಿಸಿದ ಬೇರೆ ಬಗೆಯ ಪಾಲಿಸಿಗಳಲ್ಲಿ ಸಾಮಾನೇ ಇರದಿರಬಹುದು. ಬ್ಯಾಂಕಿಗೆ ಬೇಕಾದುದು ತನ್ನ ಸಾಲದ ಭದ್ರತೆ, ತಮ್ಮ ಮಂಚವಲ್ಲ. ಆ ಪಾಲಿಸಿಯ ಪ್ರತಿಯನ್ನು ಬ್ಯಾಂಕಿನಿಂದ ಕೇಳಿ ಪಡೆಯಿರಿ. ಅದು ತಮ್ಮ ಹಣದಿಂದ ಕೊಂಡದ್ದು.

ಮೂರನೆಯದು, ಬೆಲೆಬಾಳುವ ವಸ್ತು. ಒಡವೆ, ಬೆಳ್ಳಿ ಸಾಮಾನುಗಳು ಸಾಮಾನ್ಯ ಸಾಮಾನಿನ ಲೆಕ್ಕಕ್ಕೆ ಬರುವುದಿಲ್ಲ. ಇವಕ್ಕೆ ಐಚ್ಛಿಕವಾಗಿ ಬೇರೆ ಭಾಗವನ್ನು ಸೇರಿಸಿಕೊಳ್ಳಬೇಕು. ನಗದು ಹಣ, ಪತ್ರಗಳು, ವಾಹನಗಳು ಇದರಲ್ಲಿಯೂ ಬಾರವು. ಶೇಂಗಾ ಮಾರಿದ ಹಣವನ್ನು ಟ್ರಂಕಿನಲ್ಲಿಟ್ಟು ಅದು ಸುಟ್ಟರೆ ಕೇಳುವವರಿಲ್ಲ.

ಇವುಗಳೊಡನೆ ಅಪಘಾತ ವಿಮೆಯನ್ನೂ ಸೇರಿಸಿಕೊಳ್ಳಬಹುದು. ಮನೆಗೆ ಹಾನಿ ಮಾಡಿದ ಅದೇ ದುರಂತದಲ್ಲಿ ಪಾಲಿಸಿದಾರ ಅಥವಾ ಅವರ ಪತಿ, ಪತ್ನಿ ಮೃತಪಟ್ಟರೆ ತಲಾ 5 ಲಕ್ಷ ರೂಪಾಯಿ ದೊರೆಯುತ್ತದೆ. ಅವಶೇಷ ತೆರವಿಗೆ ಪರಿಹಾರದ ಶೇಕಡ 2, ಎಂಜಿನಿಯರರ ಶುಲ್ಕಕ್ಕೆ ಶೇಕಡ 5ರ ವರೆಗೆ ಮೂಲ ಪಾಲಿಸಿಯಲ್ಲಿಯೇ ಇದೆ.

ಕಾಳು, ಬೀಜ, ಎತ್ತು, ಬಣವೆ

ಈಗ ಆ ಕೊಟ್ಟೂರಿನ ಹಿರಿಯರ ಪ್ರಶ್ನೆಗೆ ಬರೋಣ. ಮಾರಾಟಕ್ಕೆಂದು ಒಟ್ಟಿದ ಧಾನ್ಯ, ಬಿತ್ತನೆ ಬೀಜ, ಗೊಬ್ಬರ, ಕೂರಿಗೆ, ಸಿಂಪರಣೆಯ ಯಂತ್ರ, ಜಾನುವಾರು, ಮೇವು ಇವು ಮನೆಬಳಕೆಯ ಸಾಮಾನಲ್ಲ, ವೃತ್ತಿಯ ಆಸ್ತಿ. ಗೃಹ ವಿಮೆ ಇವುಗಳಿಗೆ ಆಗುವುದಿಲ್ಲ. ಬೆಳೆ ವಿಮೆ ಆಗುವುದೇ? ಅದನ್ನೂ ನೋಡೋಣ. ಫಸಲ್ ಬಿಮಾದಲ್ಲಿ ಕೊಯ್ಲಿನ ನಂತರದ ರಕ್ಷಣೆಯೆಂಬುದು ಇದೆ. ಆದರೆ ಅದು ಕೊಯ್ದು ಹೊಲದಲ್ಲಿಯೇ ಒಣಗಲು ಬಿಟ್ಟ ಪೈರಿಗೆ, ಕೊಯ್ಲಾದ 14 ದಿನಗಳ ವರೆಗೆ, ಅದೂ ಚಂಡಮಾರುತ, ಅಕಾಲಿಕ ಮಳೆ, ಆಲಿಕಲ್ಲುಗಳಿಂದಾದ ಹಾನಿಗೆ ಮಾತ್ರ. ಹಾನಿಯಾದ 72 ಗಂಟೆಗಳೊಳಗೆ ತಿಳಿಸಲೂಬೇಕು. ಕಣ ಮುಗಿದು ಚೀಲ ಮನೆಯ ಹೊಸ್ತಿಲು ದಾಟಿತೋ, ಬೆಳೆ ವಿಮೆಯ ಕೆಲಸ ಮುಗಿಯಿತು. ಗೃಹ ವಿಮೆ ಅದನ್ನು ತನ್ನದೆನ್ನುವುದಿಲ್ಲ. ಹೀಗೆ ವರ್ಷವಿಡೀ ದುಡಿದ ಫಲ ಎರಡು ವಿಮೆಗಳ ನಡುವಿನ ಸಂದಿಯಲ್ಲಿ ಕುಳಿತಿರುತ್ತದೆ. ಬೆಲೆ ಏರಲೆಂದು ಕಾಯುವವರ ಮನೆಯಲ್ಲಿ ಅದು ತಿಂಗಳುಗಟ್ಟಲೆ ಹಾಗೆಯೇ ಇರುತ್ತದೆ.

ಈ ಸಂದಿಯನ್ನು ಮುಚ್ಚಲು ದಾರಿಗಳುಂಟು. ದಾಸ್ತಾನಿಗೆ ಬೇರೆಯಾಗಿಯೇ ಬೆಂಕಿ ವಿಮೆ ಮಾಡಿಸಬಹುದು. ಒಂದು ಸ್ಥಳದಲ್ಲಿ 5 ಕೋಟಿ ರೂಪಾಯಿವರೆಗಿನ ಆಸ್ತಿಯುಳ್ಳ ಸಣ್ಣ ಉದ್ಯಮಗಳಿಗೆಂದು 2021ರಲ್ಲಿಯೇ 'ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ' ಎಂಬ ಮಾದರಿ ಪಾಲಿಸಿ ಬಂದಿದೆ. ಕಾಳು ಕೊಂಡು ಮಾರುವ, ಸಣ್ಣ ಗಿರಣಿ ಇಟ್ಟುಕೊಂಡಿರುವ ರೈತರು, ರೈತ ಉತ್ಪಾದಕ ಕಂಪನಿಗಳು ಅದನ್ನು ವಿಚಾರಿಸಬಹುದು. ಸಾಮಾನ್ಯ ರೈತರಿಗೆ ನಾನು ಹೇಳುವುದು ರೈತರ ಪ್ಯಾಕೇಜ್ ಪಾಲಿಸಿಗಳನ್ನು. ಮನೆ, ಸಾಮಾನು, ಜಾನುವಾರು, ಪಂಪ್‌ಸೆಟ್, ಗಾಡಿ, ಅಪಘಾತ ಹೀಗೆ ಹಲವು ಭಾಗಗಳನ್ನು ಒಂದೇ ಪಾಲಿಸಿಯಲ್ಲಿ ಜೋಡಿಸುವ ವ್ಯವಸ್ಥೆ ಕೆಲವು ಕಂಪನಿಗಳಲ್ಲಿದೆ. ಕಚೇರಿಗೆ ಹೋದಾಗ "ಮನೆ ವಿಮೆ" ಎಂದಷ್ಟೇ ಕೇಳಬೇಡಿ. "ರೈತರ ಪ್ಯಾಕೇಜ್ ಇದೆಯೇ, ಅದರಲ್ಲಿ ಮನೆಯಲ್ಲಿಟ್ಟ ಕಾಳು ಸೇರುತ್ತದೆಯೇ" ಎಂದು ಕೇಳಿರಿ. ಉಗ್ರಾಣದಲ್ಲಿ ಕಾಳು ಇಡುವವರು ಅಲ್ಲಿಯ ದಾಸ್ತಾನಿಗೆ ವಿಮೆ ಇದೆಯೇ ಎಂದು ರಸೀದಿ ಪಡೆಯುವಾಗಲೇ ವಿಚಾರಿಸಬೇಕು.

ಜಾನುವಾರು ವಿಮೆ ಬೇರೆಯೇ. ಪಶುವೈದ್ಯರ ಪ್ರಮಾಣಪತ್ರವೂ ಕಿವಿಯ ಓಲೆಯೂ ಅಗತ್ಯ. ಓಲೆ ಕಳಚಿ ಬಿದ್ದರೆ ಒಡನೆಯೇ ತಿಳಿಸಿ ಹೊಸದನ್ನು ಹಾಕಿಸತಕ್ಕದ್ದು. ಓಲೆಯಿಲ್ಲದ ರಾಸಿಗೆ ಹಣ ಬಾರದು.

ಬಣವೆಯ ಬಗ್ಗೆ ನನ್ನ ಶಾಸ್ತ್ರದ ಮಾತನ್ನೇ ಒಂದೆರಡು ಹೇಳಬೇಕಾಗಿದೆ. ಶೇಂಗಾ ಹೊಟ್ಟನ್ನಾಗಲಿ ಮೆಕ್ಕೆಜೋಳದ ಸೊಪ್ಪೆಯನ್ನಾಗಲಿ ಹಸಿಯಿರುವಾಗಲೇ ಒಟ್ಟಿದರೆ ಒಳಗಿನ ಸೂಕ್ಷ್ಮಾಣುಗಳ ಚಟುವಟಿಕೆಯಿಂದ ಶಾಖ ಹುಟ್ಟುತ್ತದೆ. ಶಾಖ ಹೊರಹೋಗಲು ದಾರಿಯಿಲ್ಲದ ದೊಡ್ಡ ಬಣವೆಯಲ್ಲಿ ಅದು ಏರುತ್ತಾ ಹೋಗಿ ತಾನಾಗಿ ಹೊತ್ತಿಕೊಳ್ಳುವುದೂ ಉಂಟು. ಒಟ್ಟಿದ ಮೊದಲ ಕೆಲವು ವಾರ ಬಣವೆಯೊಳಗೆ ಒಂದು ಕಬ್ಬಿಣದ ಸಲಾಕೆ ಚುಚ್ಚಿಟ್ಟು, ಆಗಾಗ ಎಳೆದು ಮುಟ್ಟಿ ನೋಡಿ. ಕೈ ತಡೆಯದಷ್ಟು ಬಿಸಿಯಿದ್ದರೆ ಅಪಾಯ. ಆಗ ನೀರು ಸಿದ್ಧವಿಟ್ಟುಕೊಳ್ಳದೆ ಬಣವೆಯನ್ನು ಬಿಚ್ಚಬಾರದು, ಗಾಳಿ ತಗುಲಿದೊಡನೆ ಉರಿಯೇಳುವುದುಂಟು. ಮನೆಯಿಂದ, ವಿದ್ಯುತ್ ತಂತಿಯಿಂದ ದೂರವಾಗಿ, ಒಂದೇ ದೊಡ್ಡ ಬಣವೆಯ ಬದಲು ಎರಡು ಮೂರು ಸಣ್ಣ ಬಣವೆಗಳನ್ನು ಒಟ್ಟುವುದು ಮೇಲು. ಜಾಗದ ಅಭಾವವೆಂದು ಹಿತ್ತಲ ಗೋಡೆಗೆ ಒತ್ತಿ ಒಟ್ಟುವುದನ್ನು ಕೂಡ್ಲಿಗಿಯ ಕಡೆ ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ.

ಯಾವ ಆಪತ್ತಿಗೆ ರಕ್ಷಣೆ?

ಬೆಂಕಿ, ಸಿಡಿಲು, ಸ್ಫೋಟ, ಭೂಕಂಪ, ಬಿರುಗಾಳಿ, ನೆರೆ, ಜಲಾವೃತ, ಭೂಕುಸಿತ, ಕಾಡ್ಗಿಚ್ಚು, ವಾಹನವೋ ಮರವೋ ಬಂದು ಬಡಿಯುವುದು, ಗಲಭೆ, ದುರುದ್ದೇಶದ ಹಾನಿ, ನೀರಿನ ತೊಟ್ಟಿ ಕೊಳವೆ ಒಡೆಯುವುದು ಇವು ಪಾಲಿಸಿಯ ಪಟ್ಟಿಯಲ್ಲಿ ಇವೆ. ಗಡಿಗೆಗಾತ್ರದ ಗ್ಯಾಸ್ ಸಿಲಿಂಡರು ಸಿಡಿದರೂ, ಅಡ್ಡಮಳೆಯ ಗಾಳಿಗೆ ತಗಡು ಹಾರಿದರೂ, ಬೇವಿನ ಮರ ಉರುಳಿ ಛಾವಣಿ ಮುರಿದರೂ ಪರಿಹಾರವುಂಟು. ತುಂಗಭದ್ರೆಯ ದಡದ ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ಗ್ರಾಮಗಳಿಗೆ ನೆರೆಯ ಭಾಗವೇ ಮುಖ್ಯ. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ವಾರದ ನೆರೆಯನ್ನು ಉತ್ತರ ಕರ್ನಾಟಕದವರು ಮರೆಯಲಾರರು.

ಆದರೆ ನಮ್ಮ ಐದು ತಾಲ್ಲೂಕುಗಳಲ್ಲಿ ಮನೆ ಬೀಳುವುದು ಹೆಚ್ಚಾಗಿ ಹೊಳೆಯಿಂದಲ್ಲ, ಜಡಿಮಳೆಯಿಂದ. ಮೂರು ದಿನ ಹಿಡಿದ ಮಳೆ ಬಿಟ್ಟು ಬಿಸಿಲು ಬಂದ ನಾಲ್ಕನೆಯ ದಿನ ಗೋಡೆ ಕೂರುತ್ತದೆ. ಮಣ್ಣಿನ ಗೋಡೆಯ ಬಲವೆಲ್ಲ ಅದರ ಒಣತನದಲ್ಲಿದೆ. ಬುಡ ನೆನೆದರೆ ಮಣ್ಣಿನ ಕಣಗಳ ಹಿಡಿತ ಸಡಿಲುತ್ತದೆ, ಮೇಲೆ ನೀರು ಕುಡಿದ ಮೇಲುಮುದ್ದೆಯ ಭಾರ ಹೆಚ್ಚಿರುತ್ತದೆ, ಜಂತೆಗಳು ಜಾರುತ್ತವೆ. ಈಗ ಪಾಲಿಸಿಯ ಪಟ್ಟಿಯನ್ನು ಮತ್ತೊಮ್ಮೆ ಓದಿರಿ. ಬಿರುಗಾಳಿ ಇದೆ, ನೆರೆ ಇದೆ, ಜಲಾವೃತ ಇದೆ. ಬರಿಯ 'ಮಳೆ' ಎಂಬ ಪದ ಇಲ್ಲ. ನೀರು ಮನೆಗೆ ನುಗ್ಗಿ ಅಥವಾ ಮನೆಯ ಸುತ್ತ ನಿಂತು ಗೋಡೆ ಬಿದ್ದಿದ್ದರೆ ಜಲಾವೃತವೆಂದು ಕೇಳಬಹುದು. ಮಾಳಿಗೆ ಸೋರಿ ಸೋರಿ ಬಿದ್ದಿದ್ದರೆ ಅದು ಸವಕಳಿ, ದುರಸ್ತಿಯ ಕೊರತೆ ಎಂದು ಸರ್ವೇಯರ್ ಬರೆಯುವ ಸಂಭವ ಹೆಚ್ಚು. ಈ ವ್ಯತ್ಯಾಸ ಬಲು ಸೂಕ್ಷ್ಮವಾದುದು. ಇದರ ಮೇಲೆಯೇ ಲಕ್ಷಗಟ್ಟಲೆ ರೂಪಾಯಿ ನಿಂತಿರುತ್ತದೆ. ಆದುದರಿಂದ ಪಾಲಿಸಿ ಕೊಳ್ಳುವ ಮೊದಲು "ಸತತ ಮಳೆಗೆ ಮಣ್ಣಿನ ಗೋಡೆ ಕುಸಿದರೆ ಪರಿಹಾರ ಕೊಡುವಿರಾ?" ಎಂಬ ಪ್ರಶ್ನೆಯನ್ನು ಬರಹದಲ್ಲಿ ಕೇಳಿ, ಬರಹದಲ್ಲಿಯೇ ಉತ್ತರ ಪಡೆಯಿರಿ. ಮಳೆಗಾಲಕ್ಕೆ ಮುನ್ನ ಮೇಲುಮುದ್ದೆಗೆ ಹೊಸದಾಗಿ ಚೌಳು ಮಣ್ಣು ಹಾಕಿಸಿದಾಗ ಮೊಬೈಲಿನಲ್ಲಿ ಒಂದು ಚಿತ್ರ ತೆಗೆದಿಡಿ. ಮನೆಯನ್ನು ಸುಸ್ಥಿತಿಯಲ್ಲಿ ಇಟ್ಟಿದ್ದಿರಿ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಗೋಡೆಯ ಬುಡದಲ್ಲಿ ನೀರು ನಿಲ್ಲದಂತೆ ಚರಂಡಿ ತೆಗೆಯುವುದಂತೂ ವಿಮೆ ಇರಲಿ ಬಿಡಲಿ ಮಾಡಲೇಬೇಕಾದ ಕೆಲಸ.

ಎರೆಭೂಮಿಯ ಮೇಲೆ ಮನೆ ಕಟ್ಟಿದವರಿಗೆ ಇನ್ನೊಂದು ಮಾತು. ಎರೆಮಣ್ಣಿನ ಜೇಡಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಹೊಲದಲ್ಲಿ ಕಾಲು ಸಿಕ್ಕಿಕೊಳ್ಳುವಂಥ ಬಿರುಕು ಬಿಡುವ ಮಣ್ಣು ಮನೆಯ ತಳಪಾಯವನ್ನು ಸುಮ್ಮನೆ ಬಿಡುವುದೇ? ಮಸಾರಿ ನೆಲದ ಮನೆಗಳಿಗೆ ಈ ತೊಂದರೆ ಕಡಿಮೆ. ಪಾಲಿಸಿಯಲ್ಲಿ ನೆಲ ಕುಸಿತಕ್ಕೆ ರಕ್ಷಣೆಯಿದೆ, ನಿಜ. ಆದರೆ ಸಹಜ ಬಿರುಕು, ಹೊಸ ಕಟ್ಟಡ ಕೂರುವುದು, ತುಂಬಿದ ಮಣ್ಣು ಸರಿಯುವುದು, ಕೆಟ್ಟ ಕಾಮಗಾರಿ, ಇವುಗಳನ್ನು ಸ್ಪಷ್ಟವಾಗಿ ಹೊರಗಿಟ್ಟಿದ್ದಾರೆ. ವರ್ಷವರ್ಷವೂ ಅಗಲವಾಗುವ ಗೋಡೆಯ ಬಿರುಕಿಗೆ ವಿಮೆ ಮದ್ದಲ್ಲ.

ಕಳವಿನ ವಿಚಾರದಲ್ಲಿ ತಪ್ಪು ತಿಳಿವಳಿಕೆ ಬಹಳ. ಭಾರತ್ ಗೃಹ ರಕ್ಷಾದಲ್ಲಿ ಸಾಮಾನ್ಯ ಕನ್ನಗಳವಿಗೆ ರಕ್ಷಣೆ ಇಲ್ಲ. ಬೆಂಕಿ, ನೆರೆ ಮೊದಲಾದ ಆಪತ್ತು ಸಂಭವಿಸಿ, ಅದರ ಕಾರಣದಿಂದಲೇ ಏಳು ದಿನಗಳೊಳಗೆ ಕಳವಾದರೆ ಮಾತ್ರ ಹಣ. ಕೊಟ್ಟೂರು ಜಾತ್ರೆಗೋ ಮೈಲಾರದ ಕಾರಣಿಕಕ್ಕೋ ಮನೆಮಂದಿಯೆಲ್ಲ ಹೋದಾಗ ಬೀಗ ಮುರಿದರೆ ಈ ಪಾಲಿಸಿ ಬಾಯಿ ಬಿಡದು. ಕಳವಿನ ವಿಮೆಯನ್ನು ಬೇರೆಯಾಗಿ ಸೇರಿಸಿಕೊಳ್ಳಬೇಕು. ಕೆಲಸಕ್ಕೆಂದು ಬೆಂಗಳೂರು, ಮಂಗಳೂರುಗಳಿಗೆ ಹೋಗಿ ತಿಂಗಳುಗಟ್ಟಲೆ ಮನೆಗೆ ಬೀಗ ಹಾಕುವವರು ಖಾಲಿ ಮನೆಯ ಬಗ್ಗೆ ಪಾಲಿಸಿ ಏನು ಹೇಳುತ್ತದೆಂಬುದನ್ನೂ ಮೊದಲೇ ಕೇಳಿಡಿ.

ವಿದ್ಯುತ್ ವಿಷಯವೂ ಅಷ್ಟೇ. ವೋಲ್ಟೇಜ್ ಏರಿ ಟಿ.ವಿ. ಸುಟ್ಟರೆ ಆ ಟಿ.ವಿ.ಗೆ ಹಣವಿಲ್ಲ. ಅದರಿಂದ ಬೆಂಕಿ ಎದ್ದು ಬೀರು, ಛಾವಣಿ ಸುಟ್ಟರೆ ಅವುಗಳಿಗೆ ಉಂಟು.

ಎಷ್ಟು ಮೊತ್ತಕ್ಕೆ?

ನೆಲದ ಬೆಲೆ ಸೇರಿಸಬಾರದು, ನೆಲ ಸುಡುವುದಿಲ್ಲ. ಮನೆಯನ್ನು ಇಂದು ಹೊಸದಾಗಿ ಕಟ್ಟಲು ಬೀಳುವ ವೆಚ್ಚವೇ ವಿಮಾ ಮೊತ್ತ. ಉದಾಹರಣೆಗೆ ಒಳವಿಸ್ತೀರ್ಣ 700 ಚದರ ಅಡಿ, ಕಟ್ಟುವ ಖರ್ಚು ಚದರ ಅಡಿಗೆ 1,500 ರೂಪಾಯಿ ಎಂದಿಟ್ಟುಕೊಂಡರೆ 10,50,000 ರೂಪಾಯಿ. ಅದರ ಶೇಕಡ 20, ಅಂದರೆ 2,10,000 ರೂಪಾಯಿ ಸಾಮಾನಿಗೆ ತಾನಾಗಿ ಸೇರುತ್ತದೆ. ಕಾಂಪೌಂಡ್, ತೊಟ್ಟಿ, ಗೋಬರ್ ಗ್ಯಾಸುಗಳ ಖರ್ಚನ್ನು ಮರೆಯದೆ ಕೂಡಿಸಿರಿ. ಸಿಮೆಂಟು ಕಬ್ಬಿಣದ ಬೆಲೆ ಏರುವುದರಿಂದ ಕಟ್ಟಡದ ಮೊತ್ತ ವರ್ಷಕ್ಕೆ ಶೇಕಡ 10ರಂತೆ ತಾನಾಗಿ ಏರುವ ಏರ್ಪಾಡೂ ಈ ಪಾಲಿಸಿಯಲ್ಲಿದೆ.

ಕಡಿಮೆ ಮೊತ್ತಕ್ಕೆ ಮಾಡಿಸಿದರೆ ಏನಾಗುತ್ತದೆ? ಹಳೆಯ ಬೆಂಕಿ ಪಾಲಿಸಿಗಳಲ್ಲಿ 8 ಲಕ್ಷದ ಮನೆಗೆ 4 ಲಕ್ಷಕ್ಕೆ ವಿಮೆ ಮಾಡಿಸಿ 2 ಲಕ್ಷ ಹಾನಿಯಾದರೆ, ಅರ್ಧಕ್ಕೇ ವಿಮೆಯಿದೆ ಎಂದು 1 ಲಕ್ಷ ಮಾತ್ರ ಕೊಡುತ್ತಿದ್ದರು. ಭಾರತ್ ಗೃಹ ರಕ್ಷಾದಲ್ಲಿ ಈ ಕಡಿತವನ್ನು ತೆಗೆದುಹಾಕಿದ್ದಾರೆ. ರೈತರಿಗೆ ಇದರಿಂದ ದೊಡ್ಡ ಉಪಕಾರವಾಗಿದೆ ಎಂದೇ ನನ್ನ ಭಾವನೆ. ಆದರೆ ಮನೆ ಪೂರ್ತಿ ಹೋದರೆ ಬರುವುದು ಬರೆಸಿದ 4 ಲಕ್ಷವೇ. ಬೇರೆ ಬಗೆಯ ಪಾಲಿಸಿಗಳಲ್ಲಿ ಹಳೆಯ ಕಡಿತ ಇನ್ನೂ ಇರಬಹುದು, ವಿಚಾರಿಸತಕ್ಕದ್ದು.

ಇನ್ನು ಹೆಸರು. ಮನೆ ತಾತನ ಹೆಸರಿನಲ್ಲಿ, ವಾಸ ಮೊಮ್ಮಕ್ಕಳದು, ಭಾಗ ಇನ್ನೂ ಆಗಿಲ್ಲ. ಇದು ನಮ್ಮಲ್ಲಿ ಮನೆಮನೆಯ ಕಥೆ. ಆಸ್ತಿಯಲ್ಲಿ ಹಕ್ಕಿಲ್ಲದವರ ಹೆಸರಿನಲ್ಲಿ ಮಾಡಿಸಿದ ವಿಮೆ ಕ್ಲೇಮಿನ ವೇಳೆ ತೊಡಕಾಗುತ್ತದೆ. ಗ್ರಾಮ ಪಂಚಾಯಿತಿಯಿಂದ ಇ-ಸ್ವತ್ತು ನಮೂನೆ 9 ಮತ್ತು 11ನ್ನು ಸರಿಯಾದ ಹೆಸರಿಗೆ ಮಾಡಿಸಿಕೊಳ್ಳುವುದು ಒಳಿತು. ಅದು ಆಗುವವರೆಗೆ ಇರುವ ಸ್ಥಿತಿಯನ್ನು ಪ್ರಸ್ತಾವನಾ ಪತ್ರದಲ್ಲಿ ಮುಚ್ಚಿಡದೆ ತಿಳಿಸಿರಿ.

ಹಾನಿಯಾದಾಗ

ಮೊದಲು ಜೀವ, ಆಮೇಲೆ ಉಳಿದದ್ದು. ಬೆಂಕಿಯಾದರೆ ಅಗ್ನಿಶಾಮಕ ಠಾಣೆಗೆ ತಿಳಿಸಿ, ಬಳಿಕ ಅವರ ವರದಿಯ ಪ್ರತಿ ಪಡೆಯಿರಿ. ಕಳವು, ಗಲಭೆಗಳಿದ್ದರೆ ಪೊಲೀಸರಿಗೆ ದೂರು ಕೊಡಿ. ವಿಮಾ ಕಂಪನಿಗೆ ಅದೇ ದಿನ ತಿಳಿಸಿ, ತಿಳಿಸಿದ್ದಕ್ಕೆ ಸಂಖ್ಯೆಯನ್ನು ಕೇಳಿ ಬರೆದಿಟ್ಟುಕೊಳ್ಳಿ. ಸರ್ವೇಯರ್ ಬರುವ ಮುನ್ನ ಅವಶೇಷ ತೆಗೆಯಬೇಡಿ. ತೆಗೆಯಲೇಬೇಕಾದ ಅಪಾಯವಿದ್ದರೆ ನಾಲ್ಕು ಕಡೆಯಿಂದ ಚಿತ್ರ ತೆಗೆದು ಮುಂದುವರಿಯಿರಿ. ಗ್ರಾಮ ಆಡಳಿತಾಧಿಕಾರಿ ಮಾಡುವ ಪಂಚನಾಮೆಯ ಪ್ರತಿಯೂ ಇರಲಿ. ಪಂಚನಾಮೆಯಲ್ಲಿ "ಮನೆ ಹಳೆಯದಾದ್ದರಿಂದ ಬಿದ್ದಿದೆ" ಎಂಬ ಒಂದು ಸಾಲು ಸೇರಿದರೆ ವಿಮೆಯ ಹಣಕ್ಕೆ ಅದೇ ಮುಳುವಾಗಬಹುದು. ಸಹಿ ಹಾಕುವ ಮುನ್ನ ಓದಿಸಿ ಕೇಳಿ; ನಡೆದದ್ದಕ್ಕೆ ಹೊಂದದ ಮಾತಿದ್ದರೆ ತಿದ್ದಿಸಿ.

ಕಂಪನಿ ನಿರಾಕರಿಸಿದರೆ ಕಾರಣವನ್ನು ಬರಹದಲ್ಲಿ ಪಡೆದು, ಅದೇ ಕಂಪನಿಯ ದೂರು ವಿಭಾಗಕ್ಕೆ ಪತ್ರ ಬರೆಯಿರಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಸಮಾಧಾನ ತಾರದಿದ್ದರೆ ಬೆಂಗಳೂರಿನಲ್ಲಿರುವ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಒಂದು ವರ್ಷದೊಳಗೆ ದೂರು ಸಲ್ಲಿಸಬಹುದು. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ಆ ಹಿರಿಯರು ಹೊಸ ಮನೆ ಕಟ್ಟಿದ್ದಾರೆ. ಕಳೆದ ಸುಗ್ಗಿಯಲ್ಲಿ ಹೋದಾಗ ಬಣವೆ ಹಿತ್ತಲು ಬಿಟ್ಟು ಹೊಲದಂಚಿನ ಬೇವಿನ ಮರದಾಚೆಗೆ ಹೋಗಿತ್ತು. ಪಾಲಿಸಿಯನ್ನು ತಂದು ನನ್ನ ಮುಂದಿಟ್ಟು, "ಓದ್ರಿ ಸಾರ್, ಈ ಸಲ ಶೇಂಗಾ ಬರೆಸೀನಿ" ಎಂದರು. ಓದಿದೆ, ಬರೆಸಿದ್ದರು. ಎತ್ತು ಮಾತ್ರ ಬಿಟ್ಟುಹೋಗಿತ್ತು. ಮರುದಿನವೇ ಪಶು ಆಸ್ಪತ್ರೆಗೆ ಹೋಗಿ ಬರುವುದಾಗಿ ಹೇಳಿದರು.